ಮೈ ತೊಳೆಯುವ ಕೈ

ಹಂಪಿಗೆ ಹೋದವರೆಲ್ಲ ರಾಣಿ ಸ್ನಾನಗೃಹ ನೋಡಿ ಬರುತ್ತಾರೆ. ಆದರೆ ಅರಸರ ಮೈ ತೊಳೆದವರು ಯಾರೆಂದು ಕೇಳುವವರು ಕಡಿಮೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಅದನ್ನು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯ ಬೆಳಕು ಹರಿಯುವ ಮುಂಚೆ ಮೈಗೆಲ್ಲ ಎಳ್ಳೆಣ್ಣೆ ಹಚ್ಚಿ, ಸಾಮು ಮಾಡಿ, ಕುಸ್ತಿಯಾಡಿ, ಕುದುರೆ ಓಡಿಸಿ ಬಂದ ಮೇಲೆ ಒಬ್ಬ ಬ್ರಾಹ್ಮಣ ಅವನ ಮೈ ತೊಳೆಯುತ್ತಿದ್ದನಂತೆ. ಆತ ರಾಯನಿಗೆ ಪೂಜ್ಯ, ಅಚ್ಚುಮೆಚ್ಚಿನವ, ದೊಡ್ಡ ಸಿರಿವಂತ.

ಕುದುರೆ ಓಡಿಸುವಷ್ಟು ಗಟ್ಟಿಯಾಗಿದ್ದ ಅರಸನೇ ಇನ್ನೊಬ್ಬರಿಂದ ಮೈ ತೊಳೆಸಿಕೊಂಡ. ತೊಳೆದವನಿಗೆ ಮರ್ಯಾದೆಯೂ ಇತ್ತು. ಇಂದು ನಮ್ಮ ಹೊಸಪೇಟೆಯ ಮನೆಗಳಲ್ಲಿ ಹಾಸಿಗೆ ಹಿಡಿದ ಅತ್ತೆ, "ನಿನ್ನ ಕೈಲೆ ಇದೆಲ್ಲ ಮಾಡಿಸಿಕೊಳ್ಳೋ ಹಂಗಾತಲ್ಲವ್ವಾ" ಎಂದು ಸೊಸೆಯೆದುರು ಕಣ್ಣೀರು ಹಾಕುತ್ತಾಳೆ. ವೃದ್ಧಾಶ್ರಮದಲ್ಲಿ ಅದೇ ಕೆಲಸ ಮಾಡುವ ಆಯಾಳ ಹೆಸರನ್ನೂ ನಾವು ಕೇಳುವುದಿಲ್ಲ.

ಈ ಕೆಲಸಕ್ಕೂ ತಿಳಿವಳಿಕೆ ಬೇಕು. ನೀರು ಉಗುರುಬೆಚ್ಚಗಿರಬೇಕು. ಒರೆಸುವ ಭಾಗ ಬಿಟ್ಟು ಉಳಿದ ಮೈ ಮುಚ್ಚಿರಬೇಕು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ ತೊಳೆದರೆ ಮೂತ್ರದ ಸೋಂಕಿನ ಭಯ ಕಡಿಮೆ. ಚರ್ಮದ ಮಡಿಕೆಗಳಲ್ಲಿ ತೇವ ಉಳಿಯಬಾರದು. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ.

ಹಿರಿಯರ ಪೋಷಣೆಗೆಂದು 2007ರಲ್ಲಿ ಬಂದ ಕಾಯಿದೆ ಮಕ್ಕಳಿಂದ ಜೀವನಾಂಶ ಕೊಡಿಸಬಲ್ಲದು. ಮಲಗಿದವರ ಮಾನವನ್ನೂ, ಅವರನ್ನು ತೊಳೆಯುವವರ ಮರ್ಯಾದೆಯನ್ನೂ ಕಾಯಬೇಕಾದವರು ನಾವೇ.