ಸೀಮಿತ ಪರವಾನಗಿಯ ಕಾನೂನು ತಂತ್ರಜ್ಞರು

ವಕೀಲರಲ್ಲದವರು ತರಬೇತಿ ಪಡೆದು, ಪರೀಕ್ಷೆ ಪಾಸಾಗಿ, ಕಾನೂನಿನ ಒಂದು ನಿಗದಿತ ವಿಭಾಗದಲ್ಲಿ ಮಾತ್ರ ಶುಲ್ಕ ಪಡೆದು ಸಲಹೆ ನೀಡಲು ಅಮೆರಿಕದ ವಾಷಿಂಗ್ಟನ್ ರಾಜ್ಯವು 2012ರಲ್ಲಿ ರೂಪಿಸಿದ ವೃತ್ತಿ. ಆ ದೇಶದಲ್ಲಿ ಇಂಥ ಪ್ರಯೋಗ ಇದೇ ಮೊದಲು. ಈ ತಂತ್ರಜ್ಞರು ಯಾವ ವಕೀಲರ ಕೈಕೆಳಗೂ ದುಡಿಯಬೇಕಿರಲಿಲ್ಲ; ಸ್ವಂತ ಕಚೇರಿ ತೆರೆದು ಕಕ್ಷಿದಾರರನ್ನು ನೇರವಾಗಿ ಕಾಣಬಹುದಿತ್ತು.

ಕ್ರಿಮಿನಲ್ ಮೊಕದ್ದಮೆಯಲ್ಲಿ ಸಿಲುಕಿದ ಬಡವನಿಗೆ ಅಮೆರಿಕದ ಸರ್ಕಾರವೇ ವಕೀಲರನ್ನು ಒದಗಿಸಬೇಕು. ವಿಚ್ಛೇದನ, ಮಕ್ಕಳ ಪಾಲನೆ, ಮನೆ ತೆರವು ಮುಂತಾದ ಸಿವಿಲ್ ವ್ಯಾಜ್ಯಗಳಿಗೆ ಅಂಥ ಸಾರ್ವತ್ರಿಕ ಹಕ್ಕಿಲ್ಲ. ವಾಷಿಂಗ್ಟನ್ನಿನಲ್ಲಿ ಕಡಿಮೆ ಆದಾಯದ ಕುಟುಂಬಗಳು ಎದುರಿಸುವ ಕಾನೂನು ತೊಡಕುಗಳಲ್ಲಿ ಶೇಕಡ 80ಕ್ಕೂ ಹೆಚ್ಚು ವಕೀಲರ ನೆರವೇ ಇಲ್ಲದೆ ಕಳೆದುಹೋಗುತ್ತಿವೆ ಎಂದು 2003ರ ಸಮೀಕ್ಷೆಯೊಂದು ತೋರಿಸಿತು. ಸರ್ಕಾರಿ ನೆರವಿಗೆ ಅರ್ಹರಾಗುವಷ್ಟು ಬಡವರಲ್ಲದ, ವಕೀಲರ ಗಂಟೆ ಲೆಕ್ಕದ ಶುಲ್ಕ ತೆರುವಷ್ಟು ಉಳ್ಳವರೂ ಅಲ್ಲದ ದೊಡ್ಡ ವರ್ಗವೊಂದು ನಡುವೆ ಉಳಿದಿತ್ತು.

ರಾಜ್ಯದ ಸುಪ್ರೀಂ ಕೋರ್ಟ್ ಇದಕ್ಕೆ ಪರಿಹಾರವಾಗಿ ಈ ವೃತ್ತಿಗೆ ಅವಕಾಶ ಕೊಡುವ 28ನೇ ನಿಯಮವನ್ನು 6–3 ಬಹುಮತದಿಂದ ಅಂಗೀಕರಿಸಿತು. ಮುಖ್ಯ ನ್ಯಾಯಮೂರ್ತಿ ಬಾರ್ಬರಾ ಮ್ಯಾಡ್ಸನ್ ಅದರ ಬಲವಾದ ಬೆಂಬಲಿಗರು. ವಕೀಲರ ವಲಯದಿಂದ, ಅದರಲ್ಲೂ ಕೌಟುಂಬಿಕ ವ್ಯಾಜ್ಯ ನಡೆಸುವವರಿಂದ, ತೀವ್ರ ವಿರೋಧ ಬಂತು. ಆಯ್ದುಕೊಂಡ ಮೊದಲ ವಿಭಾಗವೂ ಕೌಟುಂಬಿಕ ಕಾನೂನೇ ಆಗಿತ್ತು.

ಪರವಾನಗಿ ಸುಲಭಕ್ಕೆ ದಕ್ಕುತ್ತಿರಲಿಲ್ಲ. ಕಾಲೇಜು ಪದವಿ, ಕಾನೂನು ವಿಷಯಗಳ ವ್ಯಾಸಂಗ, ಪರೀಕ್ಷೆಗಳು, ಅದರ ಮೇಲೆ ವಕೀಲರ ಉಸ್ತುವಾರಿಯಲ್ಲಿ 3,000 ಗಂಟೆಗಳ ಅನುಭವ ಬೇಕಿತ್ತು. ಮೊದಲ ತಂಡಕ್ಕೆ ಪರವಾನಗಿ ಸಿಕ್ಕಿದ್ದು 2015ರಲ್ಲಿ. ವಿಚ್ಛೇದನ ಕೋರಿ ಬಂದವರಿಗೆ ಯಾವ ನಮೂನೆ ತುಂಬಬೇಕು, ಯಾವ ದಾಖಲೆ ಲಗತ್ತಿಸಬೇಕು, ಎದುರು ಪಕ್ಷಕ್ಕೆ ನೋಟಿಸ್ ಹೇಗೆ ತಲುಪಿಸಬೇಕು ಎಂಬುದನ್ನು ಇವರು ವಿವರಿಸುತ್ತಿದ್ದರು, ಅರ್ಜಿಗಳನ್ನು ಸಿದ್ಧಪಡಿಸಿಕೊಡುತ್ತಿದ್ದರು. ನ್ಯಾಯಾಲಯದಲ್ಲಿ ವಾದಿಸುವಂತಿರಲಿಲ್ಲ, ಎದುರು ಪಕ್ಷದೊಂದಿಗೆ ಸಂಧಾನಕ್ಕೆ ಕೂರುವಂತಿರಲಿಲ್ಲ. ಈ ಮಿತಿಗಳು ಸ್ವಲ್ಪ ಸಡಿಲವಾಗುವ ಹೊತ್ತಿಗೆ 2019 ಬಂದಿತ್ತು.

ಥಾಮಸ್ ಕ್ಲಾರ್ಕ್ ಮತ್ತು ರೆಬೆಕಾ ಸ್ಯಾಂಡಫರ್ 2017ರಲ್ಲಿ ನಡೆಸಿದ ಮೌಲ್ಯಮಾಪನವು ಇವರ ಕೆಲಸದ ಗುಣಮಟ್ಟವನ್ನು ಮೆಚ್ಚಿತು, ಕಕ್ಷಿದಾರರೂ ತೃಪ್ತರಾಗಿದ್ದಾರೆ ಎಂದಿತು. ಆದರೂ 2020ರ ಜೂನ್‌ನಲ್ಲಿ ಅದೇ ಸುಪ್ರೀಂ ಕೋರ್ಟ್ ಯೋಜನೆಯನ್ನು ಕೈಬಿಡಲು ತೀರ್ಮಾನಿಸಿತು. ಕೊಟ್ಟ ಕಾರಣ ಎರಡು: ನಿರ್ವಹಣೆಯ ವೆಚ್ಚ, ಆಸಕ್ತರ ಕೊರತೆ. ಮ್ಯಾಡ್ಸನ್ ಭಿನ್ನಮತ ದಾಖಲಿಸಿದರು. ಆಗ ಪರವಾನಗಿ ಹೊಂದಿದ್ದವರು ಸುಮಾರು 40 ಮಂದಿ. ಅವರಿಗೆ ವೃತ್ತಿ ಮುಂದುವರಿಸಲು ಅವಕಾಶ ಉಳಿಯಿತು. ಬಾಗಿಲನ್ನು ಇಷ್ಟು ಕಿರಿದಾಗಿಟ್ಟು, ಒಳಬಂದವರು ಕಡಿಮೆ ಎಂಬ ಕಾರಣಕ್ಕೆ ಅದನ್ನು ಮುಚ್ಚಿದ್ದು ನ್ಯಾಯವಲ್ಲ. ವಕೀಲರಿಲ್ಲದೆ ಕೋರ್ಟಿಗೆ ಬರುವವರ ಅಗತ್ಯ ಆ ತೀರ್ಮಾನದಿಂದ ಒಂದಿಷ್ಟೂ ತಗ್ಗಲಿಲ್ಲ.

ಕೆನಡಾದ ಒಂಟಾರಿಯೊ ಹಿಡಿದ ದಾರಿ ಬೇರೆ. ಅಲ್ಲಿ ವಕೀಲರಲ್ಲದ ಕಾನೂನು ಸಹಾಯಕರಾದ ಪ್ಯಾರಾಲೀಗಲ್‌ಗಳು ಯಾವ ನಿಯಂತ್ರಣವೂ ಇಲ್ಲದೆ ಮೊದಲೇ ದುಡಿಯುತ್ತಿದ್ದರು. 2007ರಿಂದ ಅವರನ್ನು ವಕೀಲರ ನಿಯಂತ್ರಣ ಸಂಸ್ಥೆಯಾದ ಲಾ ಸೊಸೈಟಿಯ ಪರವಾನಗಿ ವ್ಯವಸ್ಥೆಯೊಳಗೆ ತರಲಾಯಿತು. ಸಣ್ಣ ಮೊತ್ತದ ದಾವೆ, ಸಂಚಾರ ನಿಯಮ ಉಲ್ಲಂಘನೆ, ಬಾಡಿಗೆ ತಕರಾರುಗಳಲ್ಲಿ ಅವರು ವಾದವನ್ನೂ ಮಂಡಿಸುತ್ತಾರೆ. ಹೀಗೆ ಇದ್ದವರನ್ನೇ ಚೌಕಟ್ಟಿಗೆ ತಂದಿದ್ದರಿಂದ ಒಂಟಾರಿಯೊದಲ್ಲಿ ಈ ವೃತ್ತಿ ಸಾವಿರಾರು ಮಂದಿಗೆ ಬೆಳೆಯಿತು. ಅಮೆರಿಕದಲ್ಲೂ ಯೂಟಾ, ಅರಿಜೋನಾ, ಒರೆಗಾನ್, ಕೊಲೊರಾಡೊ ರಾಜ್ಯಗಳು ತಮ್ಮದೇ ಪರವಾನಗಿಗಳನ್ನು ಜಾರಿಗೆ ತಂದಿವೆ. ಅರಿಜೋನಾದಲ್ಲಿ 2021ರಿಂದ ಇಂಥವರು ಕಕ್ಷಿದಾರರ ಪರವಾಗಿ ನ್ಯಾಯಾಲಯದಲ್ಲಿ ಹಾಜರಾಗಬಹುದು.

ಭಾರತದಲ್ಲಿ 1961ರ ವಕೀಲರ ಕಾಯ್ದೆಯು ವಕಾಲತ್ತಿನ ಹಕ್ಕನ್ನು ವಕೀಲರಿಗಷ್ಟೇ ಮೀಸಲಿಟ್ಟಿದೆ. ಆದರೂ ನಿರ್ದಿಷ್ಟ ಪ್ರಕರಣವೊಂದರಲ್ಲಿ ಬೇರೊಬ್ಬರಿಗೆ ಅನುಮತಿ ಕೊಡುವ ಅಧಿಕಾರ ನ್ಯಾಯಾಲಯಕ್ಕಿದೆ. ಕಾನೂನು ಸೇವಾ ಪ್ರಾಧಿಕಾರಗಳ ಪ್ಯಾರಾಲೀಗಲ್ ಸ್ವಯಂಸೇವಕರು ಗೌರವಧನ ಪಡೆದು ಜನರಿಗೆ ದಾರಿ ತೋರುತ್ತಾರೆ, ಶುಲ್ಕ ಪಡೆಯುವಂತಿಲ್ಲ. ಕರ್ನಾಟಕದ ಉಪನೋಂದಣಾಧಿಕಾರಿ ಕಚೇರಿಗಳ ಸುತ್ತ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆದುಕೊಡುವ ಪರವಾನಗಿದಾರ ಪತ್ರ ಬರಹಗಾರರೇ ಈ ಕಲ್ಪನೆಗೆ ಹೆಚ್ಚು ಹತ್ತಿರದವರು. ಗ್ರಾಹಕ ವೇದಿಕೆಗಳಲ್ಲಿ ವಕೀಲರಲ್ಲದ ಪ್ರತಿನಿಧಿಗಳೂ ವಾದಿಸಬಹುದು ಎಂಬುದನ್ನು ಭಾರತದ ಸುಪ್ರೀಂ ಕೋರ್ಟ್ 2011ರಲ್ಲಿ ಎತ್ತಿಹಿಡಿಯಿತು.