ತೊಪ್ಪೂರು ಕಣಿವೆಯಲ್ಲಿ ಬೇತಾಳ: ಚಲನಚಿತ್ರ, ಚಿತ್ರಕಥೆ ಹಾಗೂ ನಮ್ಮ ಕನ್ನಡ

ಸ್ಮರಣ ಸಂಚಿಕೆಗೆ ನಮ್ಮಿಂದ ಇತಿಹಾಸದ ಲೇಖನವನ್ನು ಬಯಸುವವರು ಸಾಮಾನ್ಯವಾಗಿ ನಾವು ನೊಳಂಬರನ್ನೋ ಬಾರಾಮಹಲನ್ನೋ ಕುರಿತು ಬರೆಯುವೆವೆಂದು ಭಾವಿಸಿರುತ್ತಾರೆ. ಆ ವಿಷಯಗಳು ದೊಡ್ಡವು. ಧರ್ಮಪುರಿಯಲ್ಲಿ ದೊರೆತ ಒಂಬತ್ತನೆಯ ಶತಮಾನದ ನೊಳಂಬರ ಶಾಸನಗಳು ಈ ನೆಲದಲ್ಲಿ ಕನ್ನಡ ಎಷ್ಟು ಹಳೆಯದೆಂಬುದಕ್ಕೆ ಸಾಕ್ಷಿಯಾಗಿವೆ. 1790ರ ನವೆಂಬರಿನಲ್ಲಿ ಟಿಪ್ಪುವಿನ ಸೈನ್ಯವು ಇಂಗ್ಲಿಷರ ಕೈಗೆ ಸಿಕ್ಕದೆ ತೊಪ್ಪೂರು ಕಣಿವೆಯನ್ನು ದಾಟಿದುದನ್ನೂ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಮತ್ತು ಸೇಲಂ ಸೀಮೆಗಳು ಮೈಸೂರಿನ ಕೈತಪ್ಪಿದುದನ್ನೂ ನಾವು ಎಷ್ಟೋ ವರ್ಷ ಪಾಠ ಹೇಳಿದ್ದೇವೆ. ಆದರೆ ಶಾಸನವನ್ನು ನೋಡಿ ಕನ್ನಡದ ಅಕ್ಷರ ಕಲಿತ ಮಗುವೊಂದನ್ನು ನಾವು ಈವರೆಗೆ ಕಂಡಿಲ್ಲ. ನಮ್ಮ ಪೀಳಿಗೆಯವರಲ್ಲಿ ಅನೇಕರಿಗೆ ಅಕ್ಷರ ಕಲಿಸಿದ ಗುರು ಬೇತಾಳ. ಅವನ ಇತಿಹಾಸವನ್ನೂ ಯಾರಾದರೂ ಬರೆಯಬೇಕಲ್ಲವೆ?

ನಾವು ಹೇಳುವುದು ಸುಮಾರು 1957ರಿಂದ ಮುಂದಿನ ಹದಿನೈದು ವರ್ಷಗಳ ಮಾತು. ಆಗ ಧರ್ಮಪುರಿ ಇನ್ನೂ ಸೇಲಂ ಜಿಲ್ಲೆಯಲ್ಲಿಯೇ ಇತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1965ರ ಅಕ್ಟೋಬರ್ 2ರಂದು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಸಂತೆಯಲ್ಲಿ ಎರಡೂ, ಮೇಲೆ ಒಂದಿಷ್ಟು ತೆಲುಗು, ಹೀಗಿತ್ತು ಈ ಭಾಗದ ಕನ್ನಡದ ಮನೆಗಳ ಸ್ಥಿತಿ. ಮಾತು ತಾಯಿಯಿಂದ ಬರುತ್ತಿತ್ತು. ಲಿಪಿ ಎಲ್ಲಿಂದ ಬರಬೇಕು?

ಅದು ಬಂದದ್ದು ಮದರಾಸಿನಿಂದ, ತಿಂಗಳಿಗೊಮ್ಮೆ, ಬಣ್ಣದ ಮುಖಪುಟ ಹೊತ್ತು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಆರಂಭಿಸಿದ ಮಕ್ಕಳ ಪತ್ರಿಕೆ 1949ರ ಜುಲೈನಲ್ಲಿ ಕನ್ನಡಕ್ಕೂ ಬಂದಿತು. ತಮಿಳಿನವರಿಗೆ ಅದು ‘ಅಂಬುಲಿಮಾಮ’, ನಮಗೆ ‘ಚಂದಮಾಮ’. ಕಥೆ ಒಂದೇ, ಚಿತ್ರ ಒಂದೇ. ಬೇರೆಯಾಗಿದ್ದುದು ಅಕ್ಷರ ಮಾತ್ರ. ಮೈಸೂರು ಸೀಮೆಯ ಓದುಗರಿಗೆ ಈ ಸಂಗತಿಯಿಂದ ಯಾವ ಪ್ರಯೋಜನವೂ ಇರಲಿಲ್ಲ. ಗಡಿಯ ಹುಡುಗರಾದ ನಮಗೋ ಅದು ನಿಧಿಯೇ ಆಯಿತು. ಶಾಲೆಯ ಗೆಳೆಯನಿಂದ ತಂದ ಅಂಬುಲಿಮಾಮವನ್ನು ಎಡಕ್ಕೂ, ಬೆಂಗಳೂರಿನ ನಂಟರು ತಂದ ಚಂದಮಾಮವನ್ನು ಬಲಕ್ಕೂ ಇಟ್ಟುಕೊಂಡು, ಅದೇ ಚಿತ್ರದ ಕೆಳಗಿನ ಸಾಲುಗಳನ್ನು ಹೋಲಿಸುತ್ತ ಹೋದರೆ ಕನ್ನಡದ ಅಕ್ಷರಗಳು ಒಂದೊಂದಾಗಿ ಬಾಯಿ ಬಿಡುತ್ತಿದ್ದವು. ಗೊತ್ತಿರುವ ಲಿಪಿಯನ್ನು ಕೀಲಿಕೈಯಾಗಿಸಿಕೊಂಡು ಗೊತ್ತಿಲ್ಲದ ಲಿಪಿಯನ್ನು ತೆರೆಯುವ ಈ ಉಪಾಯವನ್ನು ಈಜಿಪ್ಟಿನ ಶಿಲಾಲೇಖಗಳಿಗೆ ಪಂಡಿತರು ಬಳಸಿದರೆಂದು ನಾವು ಬಿ.ಎ. ತರಗತಿಯಲ್ಲಿ ಓದಿದೆವು. ನಮ್ಮ ಕೇರಿಯ ಹುಡುಗರಿಗೆ ಅದು ಹತ್ತನೆಯ ವಯಸ್ಸಿನಲ್ಲಿಯೇ ತಿಳಿದಿತ್ತು!

ತೊಡಕುಗಳೂ ಇದ್ದವು. ತಮಿಳಿನ ಒಂದೇ ಕಕಾರಕ್ಕೆ ಕನ್ನಡದಲ್ಲಿ ಕ, ಖ, ಗ, ಘ ಎಂದು ನಾಲ್ಕು ಬಾಗಿಲು. ಯಾವುದನ್ನು ತಟ್ಟಬೇಕೆಂಬುದನ್ನು ಮನೆಯ ಹಿರಿಯರ ಉಚ್ಚಾರವೇ ಹೇಳಬೇಕಾಗಿತ್ತು. ಅಲ್ಲಿ ‘ವೇದಾಳ’ನೆಂದು ಕರೆಯಲ್ಪಟ್ಟವನು ಇಲ್ಲಿ ‘ಬೇತಾಳ’ನಾಗಿದ್ದ. ಮೂಲದ ವಕಾರವು ಕನ್ನಡದಲ್ಲಿ ಬಕಾರವಾಗುವುದು, ವನವು ಬನವಾದಂತೆ, ವಸಂತವು ಬಸಂತವಾದಂತೆ ವೇತಾಳನು ಬೇತಾಳನಾಗುವುದು, ಇದು ತತ್ಸಮ-ತದ್ಭವದ ಪಾಠ. ಮುಂದೆ ವ್ಯಾಕರಣದ ತರಗತಿಯಲ್ಲಿ ಈ ನಿಯಮವನ್ನು ಹೇಳುವಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುತ್ತಿದ್ದುದು ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ರಾಜನೇ. ಆ ಚಿತ್ರವನ್ನು ಬರೆದ ಶಂಕರ್ ಅವರು ನಮ್ಮ ನೆರೆಯ ಕೊಂಗುನಾಡಿನವರು. 1924ರಲ್ಲಿ ಹುಟ್ಟಿ, 1952ರಲ್ಲಿ ಪತ್ರಿಕೆಗೆ ಸೇರಿ, 2020ರಲ್ಲಿ ತೀರಿಕೊಂಡರು. ಚಂದಮಾಮದ ಕಲಾವಿದರಲ್ಲಿ ‘ಚಿತ್ರಾ’ ಎಂಬ ಹೆಸರಿನ ರಾಘವನ್ ಅವರನ್ನು ಮೇಲೆಂದು ಹೇಳುವವರಿದ್ದಾರೆ, ವಡ್ಡಾದಿ ಪಾಪಯ್ಯನವರ ಮುಖಪುಟಗಳಿಗೆ ಮರುಳಾದವರೂ ಇದ್ದಾರೆ. ನಮ್ಮ ಮತ ಶಂಕರರಿಗೇ. ಅವರ ಮರಗಳಿಗೂ ಮುಖವಿರುತ್ತಿತ್ತು. ಒಂದು ತಕರಾರು ಮಾತ್ರ ಇತಿಹಾಸದ ಮೇಷ್ಟರದು: ಚಂದಮಾಮದ ರಾಜರು ಯಾವ ಶತಮಾನದವರಾದರೂ ಒಂದೇ ಬಗೆಯ ಕಿರೀಟ ಧರಿಸುತ್ತಿದ್ದರು.

ಆ ಕಿರೀಟಗಳು ಬೆಳ್ಳಿಪರದೆಯಲ್ಲಿಯೂ ಕಾಣುತ್ತಿದ್ದುವೆಂಬುದು ಆಶ್ಚರ್ಯವಲ್ಲ. ಪತ್ರಿಕೆಯ ಒಡೆಯರೇ ವಿಜಯಾ ಸಂಸ್ಥೆಯ ಚಿತ್ರ ನಿರ್ಮಾಪಕರು. 1957ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ತೆರೆಕಂಡ ಅವರ ‘ಮಾಯಾಬಜಾರ್’ನ ಘಟೋತ್ಕಚನು, ಅಂದರೆ ಎಸ್.ವಿ. ರಂಗರಾವ್ ಅವರು, ತಟ್ಟೆಯ ಮುಂದೆ ಕುಳಿತು ಭಕ್ಷ್ಯಗಳನ್ನು ಬಾಯಿಗೆ ಹಾರಿಸಿಕೊಳ್ಳುವ ದೃಶ್ಯವನ್ನು ಚಲಿಸುವ ಚಂದಮಾಮವೆಂದೇ ನಾವು ಎಣಿಸುತ್ತೇವೆ.

ಆದರೆ ಚಲನಚಿತ್ರವೆಂದರೆ ಮದರಾಸೇ ಎಂದು ತಿಳಿಯಬೇಕಾದ ಅಗತ್ಯ ನಮಗಿರಲಿಲ್ಲ. ತೊಪ್ಪೂರಿನ ಘಾಟಿಯಿಳಿದು ಬಸ್ಸಿನಲ್ಲಿ ಸೇಲಂ ಸೇರಿದರೆ ಏರ್ಕಾಡಿನ ರಸ್ತೆಯಲ್ಲಿ ಮಾಡರ್ನ್ ಥಿಯೇಟರ್ಸ್ ಇತ್ತು. ತಿರುಚೆಂಗೋಡಿನ ಟಿ.ಆರ್. ಸುಂದರಂ ಅವರು ಜವಳಿ ವಿದ್ಯೆಯನ್ನು ಓದಲು ವಿಲಾಯಿತಿಗೆ ಹೋಗಿ ಬಂದವರು. 1935ರ ಸುಮಾರಿಗೆ ಸ್ಟುಡಿಯೋ ಕಟ್ಟಿ, ಗಿರಣಿಯನ್ನು ನಡೆಸುವ ಶಿಸ್ತಿನಿಂದ ಚಿತ್ರಗಳನ್ನು ತೆಗೆದರು. 1963ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಮಾಡರ್ನ್ ಥಿಯೇಟರ್ಸ್ ದಕ್ಷಿಣದಲ್ಲೆಲ್ಲ ಮನೆಮಾತಾಗಿತ್ತು. ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ (1938) ಇಲ್ಲಿಯದು. ಮಲಯಾಳದ ಮೊದಲ ಬಣ್ಣದ ಚಿತ್ರ ‘ಕಂಡಂ ಬೆಚ್ಚ ಕೋಟ್ಟು’ (1961) ಸಹ ಇಲ್ಲಿಯದೇ. ತಮಿಳಿಗೆ ಪೂರ್ಣ ಪ್ರಮಾಣದ ಬಣ್ಣವನ್ನು ಕೊಟ್ಟ ‘ಅಲಿಬಾಬಾವುಂ 40 ತಿರುಡರ್ಗಳುಂ’ (1956) ಕೂಡ ಸುಂದರಂ ಅವರದು. ಕನ್ನಡದ ಮೊದಲ ಮಾತು ಕೊಲ್ಹಾಪುರದಲ್ಲಿ ಚಿತ್ರಿತವಾದ ‘ಸತಿ ಸುಲೋಚನ’ದಿಂದ (1934) ಬಂತು, ಮೊದಲ ಬಣ್ಣ ಬಿ.ಎಸ್. ರಂಗಾ ಅವರ ‘ಅಮರಶಿಲ್ಪಿ ಜಕಣಾಚಾರಿ’ಯಿಂದ (1964), ಮದರಾಸಿನಿಂದ. ಯಾವ ಭಾಷೆಯ ಚಿತ್ರವೂ ತನ್ನ ಊರಿನಲ್ಲಿಯೇ ಹುಟ್ಟಬೇಕೆಂಬ ಹಟ ಆ ಕಾಲಕ್ಕೆ ಇರಲಿಲ್ಲ.

ಸುಂದರಂ ಅವರ ಚಿತ್ರಗಳಲ್ಲಿ ಕುದುರೆ, ಕತ್ತಿ, ಗುಹೆ, ಬಂಡೆಯ ಅಂಚು, ಇವುಗಳಿಗೆ ಕೊರತೆಯಿಲ್ಲ. ‘ಮಂತ್ರಿಕುಮಾರಿ’ (1950) ಇವುಗಳಲ್ಲಿ ಶ್ರೇಷ್ಠವೆಂಬುದು ನಮ್ಮ ಅಭಿಪ್ರಾಯ. ಎಂ.ಜಿ.ಆರ್. ಅವರ ಖಡ್ಗಕ್ಕಿಂತ ಕರುಣಾನಿಧಿಯವರ ಸಂಭಾಷಣೆಯೇ ಅದರಲ್ಲಿ ಹರಿತವಾಗಿದೆ. ಮುಂದೆ ಅದೇ ಸಂಸ್ಥೆ ಜೈಶಂಕರರನ್ನು ಪತ್ತೇದಾರನನ್ನಾಗಿ ಮಾಡಿತು. ಕನ್ನಡದಲ್ಲಿ ದೊರೆ-ಭಗವಾನ್ ಜೋಡಿಯು ‘ಜೇಡರ ಬಲೆ’ಯಲ್ಲಿ (1968) ರಾಜಕುಮಾರರನ್ನು ಸಿ.ಐ.ಡಿ. 999 ಆಗಿಸಿತು. ಇವೆರಡನ್ನೂ ನೋಡಿದವರು ಒಪ್ಪುವರೋ ಇಲ್ಲವೋ, ಪಿಸ್ತೂಲು ಜೈಶಂಕರರ ಕೈಗೆ ಹೆಚ್ಚು ಒಪ್ಪುತ್ತದೆ. ರಾಜಕುಮಾರರ ಕೈಗೆ ಒಪ್ಪುವುದು ಹರಿಶ್ಚಂದ್ರನ ಕೋಲು. 1965ರ ‘ಸತ್ಯ ಹರಿಶ್ಚಂದ್ರ’ದ ಸ್ಮಶಾನದಲ್ಲಿ ಎಂ.ಪಿ. ಶಂಕರ್ ಅವರ ವೀರಬಾಹುವಿನ ಮುಂದೆ ಅವರು ನಿಲ್ಲುವ ನಿಲುವೊಂದೇ ಸಾಕು. ಅದು ಕೂಡ ವಿಜಯಾ ಸಂಸ್ಥೆಯ ಚಿತ್ರ. ಈ ಮಹಾನಟನ ಹುಟ್ಟೂರು ಗಾಜನೂರು ಇಂದು ತಮಿಳುನಾಡಿನ ತಾಳವಾಡಿ ಸೀಮೆಯಲ್ಲಿದೆಯೆಂಬುದನ್ನು ನಮ್ಮ ಮಕ್ಕಳಿಗೆ ತಿಳಿಸಬೇಕು. ಕನ್ನಡವು ಗಡಿಯಾಚೆಯಿಂದ ನಮಗೆ ಬಂದ ಸಾಲವೆಂದು ಅವರು ತಿಳಿಯಬಾರದು.

ಗಡಿಯ ಮಾತು ಬಂದಾಗ ಬಿ.ಆರ್. ಪಂತುಲು ಅವರನ್ನು ಬಿಡುವಂತಿಲ್ಲ. ಕುಪ್ಪಂ ಬಳಿಯ ಹಳ್ಳಿಯಲ್ಲಿ ಹುಟ್ಟಿ, ಗುಬ್ಬಿ ಕಂಪನಿಯಲ್ಲಿ ಪಳಗಿ, ಮದರಾಸಿನಲ್ಲಿ ನೆಲೆಸಿದವರು. 1957ರಲ್ಲಿ ಒಂದೇ ಕಥೆಯನ್ನು ತಮಿಳಿನಲ್ಲಿ ‘ತಂಗಮಲೈ ರಹಸ್ಯಂ’ ಎಂದೂ ಕನ್ನಡದಲ್ಲಿ ‘ರತ್ನಗಿರಿ ರಹಸ್ಯ’ ಎಂದೂ ತೆಗೆದರು. ಅಲ್ಲಿ ಶಿವಾಜಿ ಗಣೇಶನ್, ಇಲ್ಲಿ ಉದಯಕುಮಾರ್, ಕಾಡಿನಲ್ಲಿ ಬೆಳೆದ ರಾಜಕುಮಾರ. ಟಾರ್ಜಾನನೂ ಚಂದಮಾಮವೂ ಕೂಡಿ ಹೆತ್ತ ಕಥೆಯಂತಿದೆ. ಚಂದಮಾಮವನ್ನು ಎಡಬಲಗಳಲ್ಲಿಟ್ಟು ಓದಿದಂತೆ ಈ ಎರಡು ಚಿತ್ರಗಳನ್ನೂ ಓದಬಹುದು. ಮರುವರ್ಷ ಬಂದ ‘ಸ್ಕೂಲ್ ಮಾಸ್ಟರ್’ ಬಗ್ಗೆ ನಾವು ನಿಷ್ಪಕ್ಷಪಾತಿಗಳಲ್ಲ. ತೆಲುಗಿನಲ್ಲಿ ಪಂತುಲು ಎಂದರೇ ಮೇಷ್ಟರು! ಹೆತ್ತ ಮಕ್ಕಳು ಕೈಬಿಟ್ಟ ಮುದಿ ಉಪಾಧ್ಯಾಯರಿಗೆ ಹಳೆಯ ಶಿಷ್ಯನೊಬ್ಬ ಮನೆಯನ್ನು ಉಳಿಸಿಕೊಡುತ್ತಾನೆ. ಆ ಶಿಷ್ಯನಾಗಿ ಬಂದವರು ಶಿವಾಜಿ ಗಣೇಶನ್. ಕನ್ನಡದಲ್ಲಿ ಬೆಳ್ಳಿಹಬ್ಬ ಕಂಡ ಮೊದಲ ಚಿತ್ರವೆಂದು ಇದನ್ನು ಹೇಳುತ್ತಾರೆ. ಹಿಂದಿ, ಮಲಯಾಳ, ತೆಲುಗು, ತಮಿಳುಗಳಿಗೂ ಕಥೆ ಹೋಯಿತು. ಅಲ್ಲೆಲ್ಲ ದೊಡ್ಡ ನಟರೇ ಮೇಷ್ಟರಾದರು. ಪಂತುಲು ಅವರಂತೆ ಸೀಮೆಸುಣ್ಣದ ಧೂಳು ಮೈಗೆ ಹತ್ತಿದವರಂತೆ ಕಂಡವರು ಯಾರೂ ಇಲ್ಲ.

ಇಷ್ಟು ಕೊಡುಕೊಳೆಯ ನಡುವೆ ಒಂದು ಬಾಗಿಲು ಮುಚ್ಚಿತು. ಅರವತ್ತರ ದಶಕದ ಆರಂಭದಲ್ಲಿ ಅ.ನ. ಕೃಷ್ಣರಾಯರೇ ಮೊದಲಾದವರು ಡಬ್ಬಿಂಗ್ ವಿರುದ್ಧ ಚಳವಳಿ ನಡೆಸಿದರು. ಅದರ ಕಾರಣ ನ್ಯಾಯವಾದುದೇ. ಬೆಂಗಳೂರಿನಲ್ಲಿಯೇ ಕನ್ನಡ ಚಿತ್ರಕ್ಕೆ ಚಿತ್ರಮಂದಿರ ದೊರೆಯದ ಕಾಲವದು, ಕಲಾವಿದರ ಹೊಟ್ಟೆಯ ಪ್ರಶ್ನೆಯೂ ಇತ್ತು. ಆದರೂ ಗಡಿಯ ಕಡೆಯಿಂದ ನೋಡಿದರೆ ಲೆಕ್ಕ ಬೇರೆ. ಭಾರತದಲ್ಲಿ ಒಂದು ಭಾಷೆಯಿಂದ ಮತ್ತೊಂದಕ್ಕೆ ಡಬ್ ಆದ ಮೊದಲ ಚಿತ್ರವೆಂದು ಹೆಸರಾದದ್ದು ಎ.ವಿ. ಮೆಯ್ಯಪ್ಪನ್ ಅವರ ‘ಸತ್ಯ ಹರಿಶ್ಚಂದ್ರ’, 1943ರಲ್ಲಿ ಆರ್. ನಾಗೇಂದ್ರರಾಯರ ನಿರ್ದೇಶನದಲ್ಲಿ ಕನ್ನಡದಲ್ಲಿ ತಯಾರಾಗಿ, 1944ರಲ್ಲಿ ತಮಿಳು ಮಾತನಾಡಿತು. ಕನ್ನಡವೇ ಕೊಟ್ಟ ವಿದ್ಯೆ! ಅದನ್ನು ನಾವೇ ನಿಲ್ಲಿಸಿದಾಗ ಬೆಂಗಳೂರಿನ ಹುಡುಗ ಕನ್ನಡ ಚಿತ್ರ ನೋಡಿದ. ತೊಪ್ಪೂರಿನ ಹುಡುಗ ಟೆಂಟಿನ ಮರಳಿನ ಮೇಲೆ ಕುಳಿತು ಅದೇ ಭೀಮಾರ್ಜುನರನ್ನು ತಮಿಳಿನಲ್ಲಿ ನೋಡಿದ. ಅವನ ಕನಸಿನ ಭಾಷೆ ಬದಲಾದದ್ದು ಹೀಗೆ. 2015ರಲ್ಲಿ ಸ್ಪರ್ಧಾ ಆಯೋಗವು ಈ ತಡೆ ಸಲ್ಲದೆಂದು ಹೇಳುವ ಹೊತ್ತಿಗೆ ಆ ಹುಡುಗ ಅಜ್ಜನಾಗಿದ್ದ.

ಚಿತ್ರಕಥೆಯ ಪುಸ್ತಕಗಳಲ್ಲಿ ನಡೆದದ್ದು ಇದಕ್ಕಿಂತ ವಿಚಿತ್ರ. ‘ಅಮರ ಚಿತ್ರ ಕಥಾ’ ಎಂದೊಡನೆ ಎಲ್ಲರೂ ಕಾರ್ಕಳದ ಅನಂತ ಪೈ ಅವರನ್ನು ನೆನೆಯುತ್ತಾರೆ, ನೆನೆಯತಕ್ಕದ್ದೇ. ಆದರೆ ಅದರ ಮೊದಲ ಹತ್ತು ಪುಸ್ತಕಗಳು 1965ರಲ್ಲಿ ಬೆಂಗಳೂರಿನ ಪುಸ್ತಕ ವ್ಯಾಪಾರಿ ಜಿ.ಕೆ. ಅನಂತರಾಮ್ ಅವರ ಪ್ರಯತ್ನದಿಂದ ಕನ್ನಡದಲ್ಲಿ ಬಂದುವೆಂಬುದನ್ನು ಎಷ್ಟು ಜನ ಬಲ್ಲರು? ಅವು ಪಾಶ್ಚಾತ್ಯ ಅದ್ಭುತ ಕಥೆಗಳು. ಅವು ಮಾರಾಟವಾದದ್ದನ್ನು ಕಂಡೇ ಮುಂಬಯಿಯವರು ಮುಂದುವರಿದರು. ಇಂಗ್ಲಿಷಿನ ಎಣಿಕೆ ಹನ್ನೊಂದನೆಯ ಸಂಖ್ಯೆಯ ‘ಕೃಷ್ಣ’ನಿಂದ ಆರಂಭವಾಗುವುದು ಆ ಕಾರಣದಿಂದಲೇ. ಬೀಜ ಕನ್ನಡದ್ದು, ಫಲವನ್ನು ನಮ್ಮ ಮೊಮ್ಮಕ್ಕಳು ಇಂಗ್ಲಿಷಿನಲ್ಲಿ ತಿನ್ನುತ್ತಿದ್ದಾರೆ. 1964ರ ಮಾರ್ಚಿನಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿಯೂ ಬಂದು 1990ರಲ್ಲಿ ನಿಂತಿತು. ಅದರ ಫ್ಯಾಂಟಮನು ‘ಸುಧಾ’ ವಾರಪತ್ರಿಕೆಯಲ್ಲಿ ಬಹುಕಾಲ ಕನ್ನಡಿಗನಾಗಿ ಬದುಕಿದ್ದ. ಬಾಲಮಂಗಳದ ಡಿಂಗನಿಗೆ ನಮ್ಮ ಮಕ್ಕಳು ಮರುಳಾಗಿದ್ದರು. ನಮಗೆ ಆ ಇಲಿ ಅಷ್ಟಾಗಿ ಹಿಡಿಸಲಿಲ್ಲ.

ತಮಿಳಿನವರು ಏನು ಮಾಡಿದರು ನೋಡಿ. 1972ರಲ್ಲಿ ಶಿವಕಾಶಿಯಿಂದ ಮುತ್ತು ಕಾಮಿಕ್ಸ್ ಬಂತು. ಬ್ರಿಟಿಷರ ಚಿತ್ರಕಥೆಯ ಉಕ್ಕಿನ ಕೈಯ ವೀರನೊಬ್ಬನು ‘ಇರುಂಬುಕ್ಕೈ ಮಾಯಾವಿ’ಯೆಂಬ ಹೆಸರಿನಿಂದ ತಮಿಳರವನೇ ಆಗಿಬಿಟ್ಟ. 1984ರಲ್ಲಿ ಲಯನ್ ಕಾಮಿಕ್ಸ್ ಜೊತೆಯಾಯಿತು. ಅಂದಿನ ಹುಡುಗರು ಇಂದು ನರೆಗೂದಲಿನ ಗಿರಾಕಿಗಳಾಗಿ ಆ ಪುಸ್ತಕಗಳನ್ನು ಕೊಂಡು ಉಳಿಸುತ್ತಿದ್ದಾರೆ. ಚಂದಮಾಮ 2013ರಲ್ಲಿ ನಿಂತಾಗ ಕನ್ನಡದ ನಾವು ನಿಟ್ಟುಸಿರು ಬಿಟ್ಟೆವು. ಮಕ್ಕಳ ಪುಸ್ತಕವನ್ನು ಮಕ್ಕಳದ್ದೆಂದು ತಾತ್ಸಾರ ಮಾಡುವ ಗುಣ ನಮ್ಮ ವಿದ್ಯಾವಂತರಲ್ಲಿ ಬಹಳ ಇದೆ. ಕಾಮಿಕ್ಸ್ ಓದುವ ಹುಡುಗನ ಕಿವಿ ಹಿಂಡುವ ಮೇಷ್ಟರುಗಳನ್ನು ನಾವು ಎಷ್ಟೋ ಕಂಡಿದ್ದೇವೆ.

ಇಂದು ನಮ್ಮ ಸಂಘದ ಕುಟುಂಬಗಳ ಮಕ್ಕಳಲ್ಲಿ ಹೆಚ್ಚಿನವರು ಕನ್ನಡ ಆಡುತ್ತಾರೆ, ಓದಲಾರರು. ಸಮಾರಂಭದ ಆಮಂತ್ರಣ ಪತ್ರಿಕೆಯನ್ನು ಅಜ್ಜ ಓದಿ ಹೇಳಬೇಕಾಗಿದೆ. ಅವರಿಗೆ ತಮಿಳು ಬರುತ್ತದೆ. ಅಂದರೆ ಅರ್ಧ ಕೀಲಿಕೈ ಅವರ ಕೈಯಲ್ಲಿಯೇ ಇದೆ. ನಮ್ಮ ಪೆಟ್ಟಿಗೆಯಲ್ಲಿ ಅಂಬುಲಿಮಾಮ ಮತ್ತು ಚಂದಮಾಮಗಳ ಜೋಡಿ ಸಂಚಿಕೆಗಳು ಒಂದಿಷ್ಟು ಉಳಿದಿವೆ, ಕೆಲವಕ್ಕೆ ಮುಖಪುಟವಿಲ್ಲ. ಸಾಹಿತ್ಯ ಸಮ್ಮಿಲನ ಮುಗಿದ ಮೇಲಿನ ಭಾನುವಾರದಿಂದ ಬೆಳಿಗ್ಗೆ ಹತ್ತಕ್ಕೆ ಅವುಗಳನ್ನು ಸಂಘದ ಕೊಠಡಿಗೆ ತರಲು ಸಿದ್ಧರಿದ್ದೇವೆ. ಮಕ್ಕಳನ್ನು ಕಳುಹಿಸಿಕೊಡಿ. ಹತ್ತು ವರ್ಷಕ್ಕೆ ಮೇಲ್ಪಟ್ಟವರಾದರೆ ಒಳ್ಳೆಯದು. ಚಿಕ್ಕವರು ಹಾಳೆ ಹರಿಯುತ್ತಾರೆ.