ಲೆಕ್ಕದ ಪುಸ್ತಕದಲ್ಲಿ ಸಿಕ್ಕವರು

ಈ ವರ್ಷ ನಾನು ಓದಿದ್ದರಲ್ಲಿ ಹೊಸ ಪುಸ್ತಕ ಕಮ್ಮಿ, ಹಳೇದೇ ಜಾಸ್ತಿ. ಅದರಲ್ಲೂ ನಾಲ್ಕನ್ನ ಒಂದರ ಪಕ್ಕ ಒಂದು ಇಟ್ಕೊಂಡು ಓದಿದೆ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’, ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶಿವಮೊಗ್ಗ ಜಿಲ್ಲೆಯ ಸಂಪುಟ, ಫ್ರಾನ್ಸಿಸ್ ಬುಕಾನನ್‌ನ ಪ್ರವಾಸದ ಪುಸ್ತಕ, ಭೈರಪ್ಪನವರ ‘ಗೃಹಭಂಗ’. ಒಂದು ಪಿಎಚ್‌ಡಿ ಪ್ರಬಂಧ, ಒಂದು ಶಾಸನಗಳ ಕಟ್ಟು, ಒಂದು ಸರ್ಕಾರಿ ಸರ್ವೆ, ಒಂದು ಕಾದಂಬರಿ. ಯಾವ ಲೈಬ್ರರಿಯವರೂ ಇವನ್ನ ಒಂದೇ ಕಪಾಟಿನಲ್ಲಿ ಇಡಲ್ಲ. ಆದ್ರೆ ಓದ್ತಾ ಓದ್ತಾ ನಾಲ್ಕೂ ಒಂದೇ ಜಾತಿಯವು ಅನ್ನಿಸೋಕೆ ಶುರುವಾಯ್ತು. ನಾಲ್ಕರಲ್ಲೂ ಇರೋದು ಲೆಕ್ಕ. ಯಾರ ಜಮೀನು, ಎಷ್ಟು ಜಮೀನು, ಯಾರಿಗೆ ಎಷ್ಟು ಪಾಲು, ಬರೆದವನು ಯಾರು.

ಚಿದಾನಂದಮೂರ್ತಿಯವರ ಪುಸ್ತಕವನ್ನ ನಾನು ಮೊದಲು ಓದಿದ್ದು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಹೊಸದರಲ್ಲಿ. ಆಗ ನನ್ನ ಕಣ್ಣು ಹೋಗಿದ್ದೆಲ್ಲ ವೀರಗಲ್ಲುಗಳ ಕಡೆಗೆ. 1966ರಲ್ಲಿ ಅಚ್ಚಾದ ಪುಸ್ತಕ ಅದು. ಸುಮಾರು ಕ್ರಿ.ಶ. 450ರಿಂದ 1150ರವರೆಗಿನ ಶಾಸನಗಳನ್ನ ಇಟ್ಕೊಂಡು ಆ ಕಾಲದ ಜನ ಹೆಂಗೆ ಬದುಕಿದ್ರು, ಹೆಂಗೆ ಸತ್ರು ಅಂತ ಹೇಳುತ್ತೆ. ಇದಕ್ಕೆ ಮುಂಚೆ ನನಗೆ ಶಾಸನ ಅಂದ್ರೆ ಸ್ಕೂಲಿನ ಪಾಠ: ಹಲ್ಮಿಡಿ, ಐಹೊಳೆ, ಬಾದಾಮಿ, ಒಂದು ಅಂಕದ ಪ್ರಶ್ನೆ. ಈ ಪುಸ್ತಕದಲ್ಲಿ ಶಾಸನ ಅಂದ್ರೆ ಹಸು ಹಿಡಿದುಕೊಂಡು ಹೋದ ಕಳ್ಳರ ಹಿಂದೆ ಓಡಿ ಸತ್ತವನು, ಒಡೆಯ ಸತ್ತಾಗ ಜೊತೆಗೆ ತಾನೂ ಸಾಯ್ತೀನಿ ಅಂತ ಮಾತು ಕೊಟ್ಟವನು. ಹಳೇಬೀಡಿನ ಹೊಯ್ಸಳೇಶ್ವರ ಗುಡಿ ನೋಡೋಕೆ ಹೋದವರು ಪಕ್ಕದ ಗರುಡ ಕಂಬವನ್ನ ಒಂದ್ಸಲ ಸರಿಯಾಗಿ ನೋಡಿ. ಇಮ್ಮಡಿ ಬಲ್ಲಾಳ ಸತ್ತಾಗ ಪ್ರಾಣ ಕೊಟ್ಟ ಕುವರಲಕ್ಷ್ಮನ ಕಂಬ ಅದು. ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರನ್ನ ಅದರ ಮೇಲೆ ಕೆತ್ತಿದ್ದಾರೆ. ಗೈಡುಗಳು ಅದನ್ನ ಅರ್ಧ ನಿಮಿಷದಲ್ಲಿ ಮುಗಿಸ್ತಾರೆ.

ಈ ಸಲ ಓದುವಾಗ ಕಣ್ಣು ನಿಂತಿದ್ದು ಬೇರೆ ಕಡೆ. ಬಹಳಷ್ಟು ಶಾಸನಗಳು ನಿಜಕ್ಕೂ ಜಮೀನಿನ ಪತ್ರಗಳು. ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ, ಮೂಡಲಿಗೆ ಹುಣಸೆಮರ, ತೆಂಕಲಿಗೆ ಹಳ್ಳ, ಇಂಥವರಿಗೆ ಕೊಟ್ಟಿದ್ದು, ಇಂಥವರು ಸಾಕ್ಷಿ. ಕೊನೆಗೆ ಶಾಪ. ಇದನ್ನ ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಹಸು ಕೊಂದ ಪಾಪ, ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟೋ ಶಿಕ್ಷೆ. ನಮ್ಮ ಕಂಪನಿಗಳ ಟರ್ಮ್ಸ್ ಅಂಡ್ ಕಂಡೀಷನ್ಸ್‌ಗಿಂತ ಇದು ಎಷ್ಟೋ ಸ್ಪಷ್ಟವಾಗಿದೆ.

ರೈಸ್ ವಿಷಯ ಸ್ವಲ್ಪ ಹೇಳಬೇಕು. 1837ರಲ್ಲಿ ಬೆಂಗಳೂರಲ್ಲೇ ಹುಟ್ಟಿದ ಪಾದ್ರಿಯ ಮಗ. ವಿದ್ಯಾ ಇಲಾಖೆಯಲ್ಲಿದ್ದವರು, ಆಮೇಲೆ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆ ನೋಡಿಕೊಂಡವರು. ಹನ್ನೆರಡು ಸಂಪುಟ, ಹತ್ತಿರ ಹತ್ತಿರ 9,000 ಶಾಸನ. ಜಿಲ್ಲೆ, ಅದರೊಳಗೆ ತಾಲ್ಲೂಕು, ಅದರೊಳಗೆ ನಂಬರು. ಡೇಟಾಬೇಸ್ ಕೆಲಸ ಮಾಡೋ ನನ್ನಂಥವನಿಗೆ ಈ ಜೋಡಣೆ ನೋಡಿದ್ರೆ ಹೊಟ್ಟೆ ತುಂಬುತ್ತೆ. ನೂರು ವರ್ಷ ಕಳೆದ ಮೇಲೂ ತಾಲ್ಲೂಕಿನ ಹೆಸರು, ನಂಬರು ಇಟ್ಕೊಂಡು ಊರಿಗೆ ಹೋಗಿ ಕಲ್ಲು ಹುಡುಕಬಹುದು. ಕಲ್ಲು ಇನ್ನೂ ಉಳಿದಿದ್ರೆ.

ಶಿವಮೊಗ್ಗದ ಸಂಪುಟ ತೆಗೆದದ್ದು ಒಬ್ಬಳನ್ನ ಹುಡುಕೋಕೆ. ಜಕ್ಕಿಯಬ್ಬೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಕಡೆಯವಳು, ಹತ್ತನೇ ಶತಮಾನದ ಆರಂಭ, ರಾಷ್ಟ್ರಕೂಟರ ಆಳ್ವಿಕೆ. ಅವಳ ಗಂಡ ಸತ್ತರಸ ನಾಗಾರ್ಜುನ ನಾಗರಖಂಡ ಎಪ್ಪತ್ತಕ್ಕೆ ನಾಳ್ಗಾವುಂಡ, ಅಂದ್ರೆ ಎಪ್ಪತ್ತು ಊರಿನ ನಾಡಿಗೆ ಮುಖ್ಯಸ್ಥ. ನಮ್ಮ ‘ಗೌಡ’ ಆ ‘ಗಾವುಂಡ’ದ ಮೊಮ್ಮಗ. ಅವನು ಸತ್ತ ಮೇಲೆ ಹುದ್ದೆಯನ್ನ ಮೈದುನನಿಗೋ ದಾಯಾದಿಗೋ ಕೊಡಲಿಲ್ಲ, ಹೆಂಡತಿಗೆ ಕೊಟ್ರು. ಅವಳು ಆ ನಾಡನ್ನ ಚೆನ್ನಾಗಿ ನೋಡಿಕೊಂಡಳು ಅಂತ ಶಾಸನ ಹೊಗಳುತ್ತೆ. ಹೆಣ್ಣಾಗಿದ್ದರೂ ಅನ್ನೋ ಒಂದು ಮಾತು ಅಲ್ಲೂ ಇದೆ, ಇರಲಿ. ಆಮೇಲೆ ಅವಳಿಗೆ ಕಾಯಿಲೆ ಬಂತು. ಮಗಳನ್ನ ಕರೆಸಿ, ತನ್ನದನ್ನೆಲ್ಲ ಅವಳಿಗೆ ಒಪ್ಪಿಸಿ, ಬಂದಳಿಕೆಯ ಬಸದಿಗೆ ಹೋಗಿ ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು.

ಮಗಳನ್ನ ಕರೆಸಿ. ಈ ಮಾತನ್ನ ನಾನು ಎಷ್ಟು ಸಲ ಓದಿದೆನೋ.

ಯಾಕೆ ಅಂದ್ರೆ ಅದೇ ತಿಂಗಳು ನಮ್ಮ ಮನೇಲಿ ತಾತನ ಜಮೀನಿನ ಪೌತಿ ಖಾತೆ ನಡೀತಿತ್ತು. ನನಗೆ ಕಂಪ್ಯೂಟರ್ ಬರುತ್ತೆ ಅಂತ ಕಾಗದ ಪತ್ರದ ಕೆಲಸ ನನ್ನ ತಲೆಗೆ ಕಟ್ಟಿದ್ರು. ವಂಶವೃಕ್ಷ ಬೇಕು, ಮರಣ ಪತ್ರ ಬೇಕು, ಹಳೇ ಪಹಣಿಗಳ ನಕಲು ಬೇಕು. ಟ್ರಂಕು ತೆಗೆದು ಎಲ್ಲ ಹರಡಿಕೊಂಡು ಕೂತೆ. ತಾತ ಇದ್ದಾರೆ, ಮುತ್ತಾತ ಇದ್ದಾರೆ, ಹೆಸರು, ‘ಬಿನ್’, ಅಪ್ಪನ ಹೆಸರು. ಅಷ್ಟೂ ಹಾಳೆಯಲ್ಲಿ ನಮ್ಮಜ್ಜಿಯ ಹೆಸರು ಸಿಕ್ಕಿದ್ದು ಒಂದೇ ಕಡೆ, ಅದೂ ‘ಕೋಂ’ ಅಂತ ಗಂಡನ ಹೆಸರು ಹಚ್ಚಿಕೊಂಡು. ಆ ಜಮೀನಿನಲ್ಲಿ ರಾಗಿ ಕಳೆ ತೆಗೆದವರು, ಪೈರು ನೆಟ್ಟವರು, ಕಣದಲ್ಲಿ ತೂರಿದವರು ಯಾರು ಅಂತ ನಾನು ಕಣ್ಣಾರೆ ನೋಡಿದೀನಿ.

ಅತ್ತೆಯರು ಇಬ್ಬರು. ಹಿರಿಯರೊಬ್ಬರು ಸಲಹೆ ಕೊಟ್ರು, ಹೆಣ್ಮಕ್ಕಳ ಹತ್ರ ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕಿಸ್ಕೊಂಡ್ಬಿಡಿ, ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಟ್ರಾಯ್ತು ಅಂತ. ಎಲ್ಲ ಊರಲ್ಲೂ ಕೊಡೋ ಸಲಹೆ ಇದು. ಕರ್ನಾಟಕದಲ್ಲಿ 1994ರಿಂದಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲಿದೆ, 2005ರಲ್ಲಿ ಇಡೀ ದೇಶಕ್ಕೇ ಆ ಕಾನೂನು ಬಂತು. ಕಾನೂನು ಬಂದ ಮೇಲೆ ಬದಲಾಗಿದ್ದು ಏನಪ್ಪಾ ಅಂದ್ರೆ, ಮೊದಲು ಕೇಳ್ತಾನೇ ಇರಲಿಲ್ಲ, ಈಗ ಸಹಿ ಕೇಳ್ತಾರೆ. ಚಿಕ್ಕತ್ತೆ ಸಹಿ ಹಾಕಿದ್ರು. ದೊಡ್ಡತ್ತೆ ಪತ್ರ ತಿರುಗಿಸಿ ಮುರುಗಿಸಿ ನೋಡಿ, “ಬರೆಸ್ಕೊಂಡು ಬಂದ್ಮೇಲೆ ಕೇಳ್ತಿದೀರಲ್ಲಪ್ಪ, ಬರೆಸೋಕೆ ಮುಂಚೆ ಕೇಳ್ಬೇಕಾಗಿತ್ತು” ಅಂದ್ರು. ಪತ್ರ ಮಡಚಿ ನನ್ನ ಕೈಗೆ ವಾಪಸ್ ಕೊಟ್ರು. ಅವರು ಹೇಳಿದ್ದರಲ್ಲಿ ತಪ್ಪು ಏನೂ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಮನೇಲಿ ಎಲ್ಲರ ಅಭಿಪ್ರಾಯ ಇದಲ್ಲ.

ಇಲ್ಲಿ ಒಂದು ಎಚ್ಚರಿಕೆ. ಜಕ್ಕಿಯಬ್ಬೆಯನ್ನ ತೋರಿಸಿ, ನಮ್ಮ ಹಿಂದಿನವರು ಹೆಣ್ಣನ್ನ ಹೆಂಗೆ ಇಟ್ಟಿದ್ರು ನೋಡಿ ಅಂತ ಎದೆ ಉಬ್ಬಿಸಿ ಫಾರ್ವರ್ಡ್ ಮಾಡೋರು ಬೇಕಾದಷ್ಟು ಜನ. ಅವರು ಹೆಗ್ಗಡದೇವನಕೋಟೆ ಕಡೆಯ ಬೆಳತೂರಿನ ಶಾಸನವನ್ನೂ ಓದಬೇಕು. ಅದು 1057ನೇ ಇಸವಿಯದು. ದೇಕಬ್ಬೆಯ ಗಂಡ ಏಚನನ್ನ ರಾಜ ಕೊಲ್ಲಿಸ್ತಾನೆ. ಸುದ್ದಿ ಕೇಳಿ ದೇಕಬ್ಬೆ ಬೆಂಕಿಗೆ ಹೊರಡ್ತಾಳೆ. ಹೆತ್ತವರು, ಬಂಧುಗಳು ಬೇಡ ಬೇಡ ಅಂತಾರೆ, ಅವಳು ಕೇಳಲ್ಲ. ಪದ್ಯದಲ್ಲಿದೆ ಆ ಶಾಸನ, ಕನ್ನಡದ ಒಳ್ಳೇ ಪದ್ಯ. ಓದಿ ಮುಗಿಸಿದ ಮೇಲೆ ಪದ್ಯ ಚೆನ್ನಾಗಿದೆ ಅನ್ನೋಕೆ ನಾಲಿಗೆ ಏಳಲ್ಲ. ನಮ್ಮ ಕಡೆ ಊರೂರಲ್ಲೂ ಮಾಸ್ತಿಕಲ್ಲುಗಳಿವೆ, ಕಂಬದಿಂದ ಹೊರಗೆ ಚಾಚಿದ ಬಳೆ ತೊಟ್ಟ ಕೈ. ಮಾಸ್ತಮ್ಮ ಅಂತ ಅರಿಶಿನ ಹಚ್ಚಿ ಪೂಜೆ ಮಾಡ್ತಾರೆ. ಜಕ್ಕಿಯಬ್ಬೆಯಂಥವರ ಕಲ್ಲು ಬೆರಳೆಣಿಕೆಯಷ್ಟು, ಆ ಬಳೆ ಕೈಗಳಿಗೆ ಲೆಕ್ಕವಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೇನೇ ಅದು ಚರಿತ್ರೆ.

ಬುಕಾನನ್ ಬರೋದು ಅಲ್ಲಿಂದ ಎಂಟು ಶತಮಾನ ಆಚೆ. 1799ರಲ್ಲಿ ಟಿಪ್ಪು ಸತ್ತ, ಮೈಸೂರು ಇಂಗ್ಲಿಷರ ಹಿಡಿತಕ್ಕೆ ಬಂತು. ಕೈಗೆ ಬಂದ ನಾಡಲ್ಲಿ ಏನು ಬೆಳೆಯುತ್ತೆ, ಏನು ತಯಾರಾಗುತ್ತೆ ಅಂತ ನೋಡಿಕೊಂಡು ಬಾ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಸ್ಕಾಟ್ಲೆಂಡಿನ ಡಾಕ್ಟರನ್ನ ಕಳಿಸಿದ. 1800ರ ಏಪ್ರಿಲ್ 23ಕ್ಕೆ ಮದ್ರಾಸು ಬಿಟ್ಟವನು 1801ರ ಜುಲೈಗೆ ವಾಪಸ್. 1807ರಲ್ಲಿ ಲಂಡನ್ನಿನಲ್ಲಿ ಮೂರು ದಪ್ಪ ಸಂಪುಟ. ಓದೋಕೆ ತಾಳ್ಮೆ ಬೇಕು. ನಮ್ಮ ನೇಗಿಲು ಸರಿಯಿಲ್ಲ, ಉಳುಮೆ ಸರಿಯಿಲ್ಲ ಅನ್ನೋ ಅವನ ದೊಡ್ಡಸ್ತಿಕೆ ಸಿಟ್ಟು ತರಿಸುತ್ತೆ. ಆದ್ರೆ ಅದೇ ಮನುಷ್ಯ ಕರಿ ರಾಗಿ, ಕೆಂಪು ರಾಗಿ ಅಂತ ಬೇರೆ ಬೇರೆ ಮಾಡಿ, ರಾಗಿಯ ಜೊತೆ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತೋದನ್ನೂ ಬರೆದುಕೊಂಡಿದ್ದಾನೆ. ನಾನು ಚಿಕ್ಕವನಿದ್ದಾಗ ತಾತ ಹಾಕಿಸ್ತಿದ್ದ ಅಕ್ಕಡಿ ಸಾಲು ಲಂಡನ್ನಿನಲ್ಲಿ ಅಚ್ಚಾದ ಪುಸ್ತಕದಲ್ಲಿ ಇರೋದು ನೋಡಿ ಒಂಥರಾ ಆಯ್ತು.

ಕಣದಲ್ಲಿ ರಾಶಿ ಹಂಚೋ ಕ್ರಮವನ್ನೂ ಅವನು ವಿವರವಾಗಿ ಬರೀತಾನೆ. ದೇವರಿಗೆ ಇಷ್ಟು, ಗೌಡನಿಗೆ ಇಷ್ಟು, ಶಾನುಭೋಗನಿಗೆ ಇಷ್ಟು, ತಳವಾರ, ನೀರಗಂಟಿ, ಕಮ್ಮಾರ, ಅಗಸ, ಎಲ್ಲರಿಗೂ ಪಾಲು. ಪಾಲೆಲ್ಲ ಗಂಡಸರ ಹುದ್ದೆಯ ಲೆಕ್ಕದಲ್ಲೇ. ಹೆಂಗಸರು ಇಲ್ವೇ ಇಲ್ಲ ಅಂದುಕೊಳ್ಳುವಾಗ ಬೆಂಗಳೂರಿನ ನೇಯ್ಗೆಯ ಭಾಗ ಬರುತ್ತೆ. ಅಲ್ಲಿ ಅವನು ಹತ್ತಿಯನ್ನ ಹಿಂದೆ ಹಿಂದೆ ಹಿಡಿದುಕೊಂಡು ಹೋಗ್ತಾನೆ. ಬಟ್ಟೆ ನೇಯ್ಗೆಯವರದು. ನೂಲು ಎಲ್ಲಿಂದ? ವಾರದ ಸಂತೆಯಿಂದ. ಸಂತೆಗೆ ತಂದವರು ಯಾರು? ಹೆಂಗಸರು. ಬ್ರಾಹ್ಮಣರ ಮನೆಯವರನ್ನ ಬಿಟ್ಟು ಎಲ್ಲ ಜಾತಿಯ ಹೆಂಗಸರೂ ನೂಲ್ತಾರೆ, ಸಂತೆಯಲ್ಲಿ ಮಾರ್ತಾರೆ ಅಂತ ಬರೆದಿದ್ದಾನೆ. ಬೆಂಗಳೂರಿನ ಬಟ್ಟೆ ವ್ಯಾಪಾರ ನಿಂತಿದ್ದು ಮನೆಮನೆಯ ರಾಟೆಯ ಮೇಲೆ. ಅವನಿಗೆ ಅದು ಬರೀ ಒಂದು ಮಾಹಿತಿ, ಬರೆದು ಮುಂದೆ ಹೋದ. ಒಬ್ಬಳ ಹೆಸರೂ ಇಲ್ಲ. ಇವತ್ತು ಬೆಂಗಳೂರಿನ ಐಟಿಯವರು ನಾವೇ ಈ ಊರು ಕಟ್ಟಿದ್ದು ಅಂತ ಮಾತಾಡುವಾಗ ನನಗೆ ಆ ಸಂತೆ ನೆನಪಾಗುತ್ತೆ.

‘ಮರಳಿ ಮಣ್ಣಿಗೆ’ಯನ್ನೂ ಇದರ ಜೊತೆಗೆ ಮತ್ತೆ ಓದಬೇಕು ಅಂತಿದೆ. ಕಾರಂತರ ಪಾರೋತಿ, ಸರಸೋತಿಯರು ಮಣ್ಣಿನ ಜೊತೆ ಜೀವ ತೇಯ್ತಾರೆ, ಓದಿದ ಲಚ್ಚ ಆಸ್ತಿ ಕಳೀತಾನೆ. ಅದು ಕರಾವಳಿಯ ಕಥೆ, ಇನ್ನೊಂದು ಸಲಕ್ಕೆ ಇರಲಿ.

‘ಗೃಹಭಂಗ’ ನಮ್ಮ ತಿಪಟೂರು ಕಡೆಯದು. 1970ರಲ್ಲಿ ಬಂದ ಕಾದಂಬರಿ. ಕಾಲೇಜಿನಲ್ಲಿದ್ದಾಗ ಓದಿ ಪ್ಲೇಗಿನ ಭಾಗಕ್ಕೆ ಅತ್ತಿದ್ದೆ. ನಂಜಮ್ಮನ ಎರಡು ಮಕ್ಕಳು ಒಟ್ಟೊಟ್ಟಿಗೆ ಹೋಗೋದನ್ನ ಒಣಗಿದ ಕಣ್ಣಲ್ಲಿ ಓದಿದವರು ಯಾರೂ ಇರಲಿಕ್ಕಿಲ್ಲ. ಈ ಸಲ ಅದಕ್ಕಿಂತ ಹೆಚ್ಚು ಹಿಡಿದು ನಿಲ್ಲಿಸಿದ್ದು ಲೆಕ್ಕದ ಪುಸ್ತಕ. ನಂಜಮ್ಮನ ಗಂಡ ಚೆನ್ನಿಗರಾಯ ಶಾನುಭೋಗ, ಹೆಸರಿಗೆ. ಅವನಿಗೆ ಊಟ ತಿಂಡಿಯ ಚಿಂತೆ ಬಿಟ್ಟರೆ ಬೇರೆ ಇಲ್ಲ. ಶಾನುಭೋಗಿಕೆಯ ಲೆಕ್ಕ ಬರೆಯೋಳು ನಂಜಮ್ಮ. ಮುತ್ತುಗದ ಎಲೆ ಹಚ್ಚಿ ಮಾರ್ತಾಳೆ, ಮಕ್ಕಳನ್ನ ಓದಿಸ್ತಾಳೆ, ಅದರ ನಡುವೆ ಗೆರೆ ಹಾಕಿ ಊರಿನ ಜಮೀನಿನ ಲೆಕ್ಕ ತಿದ್ದುತ್ತಾಳೆ. ರುಜು ಮಾತ್ರ ಗಂಡನದು. ಊರಿಗೆಲ್ಲ ಗೊತ್ತು, ಮೇಲಿನ ಅಧಿಕಾರಿಗಳಿಗೂ ಗೊತ್ತು, ಆದರೂ ಸರ್ಕಾರದ ಪುಸ್ತಕಕ್ಕೆ ಗೊತ್ತಿಲ್ಲ. ಜಕ್ಕಿಯಬ್ಬೆಗೆ ಹುದ್ದೆ ಸಿಗೋಕೆ ಗಂಡ ಸಾಯಬೇಕಾಯ್ತು. ನಂಜಮ್ಮನಿಗೆ ಅದೂ ಇಲ್ಲ, ಕೆಲಸ ಮಾತ್ರ ಸಿಕ್ತು.

ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆ 1963ರಲ್ಲಿ ಹೋಯ್ತು, ಗ್ರಾಮಲೆಕ್ಕಿಗರು ಬಂದ್ರು. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಬಂತು. ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿ ನಡೆಯಲ್ಲ ಅಂತ ಆಯ್ತು. ಒಳ್ಳೇ ಕೆಲಸ, ಇಂಜಿನಿಯರ್ ಆಗಿ ನಾನು ಅದನ್ನ ಮೆಚ್ಚುತೀನಿ. ಲಂಚ, ಅಲೆದಾಟ ಎಷ್ಟೋ ಕಮ್ಮಿ ಆಯ್ತು. ಆದ್ರೆ ಕಂಪ್ಯೂಟರ್ ಹೊತ್ತುಕೊಂಡಿದ್ದು ಪುಸ್ತಕದಲ್ಲಿದ್ದ ಹೆಸರುಗಳನ್ನ ಮಾತ್ರ. ಪುಸ್ತಕದಲ್ಲಿ ಇಲ್ಲದವರು ಕಂಪ್ಯೂಟರಲ್ಲೂ ಇಲ್ಲ. ಹಳೇ ಡೇಟಾದಲ್ಲಿ ಇರೋ ಓರೆಕೋರೆ ಹೊಸ ಸಿಸ್ಟಮ್ಮಿಗೂ ಹಂಗೇ ಬರುತ್ತೆ ಅನ್ನೋದು ನಮ್ಮ ಕೆಲಸದಲ್ಲಿ ಮೊದಲ ವರ್ಷವೇ ಗೊತ್ತಾಗೋ ವಿಷಯ.

ಟ್ರಂಕಿನಲ್ಲಿ ಸಿಕ್ಕ ಕಾಗದಗಳಲ್ಲಿ ಐವತ್ತರ ದಶಕದ ಹತ್ತು ಹನ್ನೆರಡು ಹಾಳೆ ಇವೆ. ದುಂಡಗಿನ, ಒಂದೇ ಅಳತೆಯ ಅಕ್ಷರ, ಒಂದೂ ಚಿತ್ತಿಲ್ಲ. ಕೆಳಗೆ ಶಾನುಭೋಗರ ರುಜು. ಅದು ಮಾತ್ರ ಸೊಟ್ಟಗೆ, ಬೇರೆ ಶಾಯಿಯಲ್ಲಿ, ಗೆರೆ ದಾಟಿಕೊಂಡು ಹೋಗಿದೆ. ಆ ಅಕ್ಷರ ಬರೆದವರು ಯಾರು ಅಂತ ಊರಲ್ಲಿ ಹಳಬರನ್ನ ಕೇಳ್ತಾ ಇದೀನಿ. ಹಾಳೆಗಳ ಫೋಟೋ ತೆಗೆದು ಎರಡು ಕಡೆ ಇಟ್ಟಿದೀನಿ. ಮುಂದಿನ ಸಲ ಊರಿಗೆ ಹೋದಾಗ ದೊಡ್ಡತ್ತೆಗೂ ತೋರಿಸಬೇಕು. ಅವರಿಗೆ ಆ ಮನೆಯವರ ಪರಿಚಯ ಇತ್ತಂತೆ.